ಕಾಡಿನಲ್ಲಿ ಕೂಗಿದ ಹೆಸರು

ಬಿಯಾವಿಸ್ಟೋಕ್,
ಅಕ್ಟೋಬರ್ ೧೯, ಭಾನುವಾರ

ನನ್ನ ಮುದ್ದಿನ ಅಮ್ಮನಿಗೆ ದೂರದಿಂದಲೇ ಎರಡೂ ಕೆನ್ನೆಗೆ ಮುತ್ತು.

ಈಚೆಗೆ ಫೋನ್ ಮಾಡಿದಾಗಲೆಲ್ಲ ನಿನ್ನದು ಒಂದೇ ಪ್ರಶ್ನೆ: "ಆ ಪೋಲೆಂಡಿನಲ್ಲಿ ನಿನಗೇನಾದ್ರೂ ಆದ್ರೆ ಯಾರಿದ್ದಾರೇ?" ಅಣ್ಣ ಜಾಜಾ ಕಳಿಸಿದ ವಿಡಿಯೊದಲ್ಲಿ ಇಲ್ಲಿ ಪರದೇಶದ ಹುಡುಗನೊಬ್ಬನನ್ನು ಮೂವರು ಹೊಡೆಯುವುದನ್ನು ನೋಡಿದಂದಿನಿಂದ, ನಮ್ಮೂರು ಕುತೈಸಿಗೆ ವಾಪಸ್ ಬಾ ಎಂಬ ಹಟ ಹಿಡಿದಿದ್ದೀಯ. ನೀನು ಅತ್ತರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಈ ಕಾಗದ.

ಇಲ್ಲಿರುವವರೆಲ್ಲ ದೇವತೆಗಳು ಎನ್ನುವುದಿಲ್ಲ. ಬೇಸಿಗೆಯಲ್ಲಿ ಬಸ್ಸಿನಲ್ಲಿ ನಿನ್ನೊಡನೆ ಫೋನಿನಲ್ಲಿ ನಮ್ಮ ಭಾಷೆ ಮಾತಾಡುತ್ತಿದ್ದಾಗ ಕುಡುಕನೊಬ್ಬ, "ಹೋಗು, ನಿಮ್ಮೂರಲ್ಲೇ ಒದರ್ಕೋ" ಎಂದ. ನಾನು ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟೆ. ಅದೂ ನಿಜ. ಈಗ ಬರೆಯುವುದೂ ನಿಜ.

ಕೆಳಮನೆಯ ಲೆಯೊಕಾಡಿಯಮ್ಮನ ವಿಷಯ ಹೇಳಿದ್ದೆನಲ್ಲ, ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು? ಬೇಕರಿಯ ಕೆಲಸಕ್ಕೆ ಹೋಗಲು ನಾನು ನಸುಕಿನಲ್ಲೇ ಮೆಟ್ಟಿಲಿಳಿಯುತ್ತೇನೆಂದು ಮೊದಮೊದಲು ಬಾಗಿಲು ತೆರೆದು ಬೈಯುತ್ತಿದ್ದಳು: "ಏನೇ, ಬೂಟಿಗೆ ಲಾಳ ಹೊಡೆಸಿದ್ದೀಯಾ?" ಈಗ ನಾನು ಹೋಗುವಾಗ ಸದ್ದು ಕೇಳಿಸದಿದ್ದರೆ, ಹುಷಾರಿಲ್ಲವೇನೋ ಎಂದು ಮೇಲೆ ಬಂದು ಬಾಗಿಲು ತಟ್ಟುತ್ತಾಳೆ.

ಕಳೆದ ಭಾನುವಾರ ಅವಳು ನನ್ನನ್ನು ಅಣಬೆ ಕೀಳಲು ಕಾಡಿಗೆ ಕರೆದುಕೊಂಡು ಹೋದಳು. ಶರತ್ಕಾಲದಲ್ಲಿ ಈ ಜನಕ್ಕೆ ಅಣಬೆಯ ಹುಚ್ಚು. ಚರ್ಚಿಗಾದರೂ ತಡವಾಗಿ ಹೋದಾರು, ಕಾಡಿಗೆ ತಡವಾಗಿ ಹೋಗಲಾರರು. "ನನ್ನ ಕಣ್ಣಳತೆ ಬಿಟ್ಟು ಹೋಗ್ಬೇಡ" ಎಂದಿದ್ದಳು. ನಾನು ಕಂದು ಟೋಪಿಯ ಅಣಬೆಯೊಂದರ ಹಿಂದೆ ಇನ್ನೊಂದನ್ನು ಹುಡುಕುತ್ತ ತಲೆ ತಗ್ಗಿಸಿ ನಡೆದೆ. ತಲೆಯೆತ್ತಿದಾಗ ಸುತ್ತ ಮಂಜು. ಲೆಯೊಕಾಡಿಯಮ್ಮ ಇಲ್ಲ, ದಾರಿ ಇಲ್ಲ. ಗಾಬರಿಯಲ್ಲಿ ಓಡಿದೆ, ಪಾಚಿ ಮುಚ್ಚಿದ್ದ ಹಳ್ಳಕ್ಕೆ ಬಿದ್ದೆ. ಕಾಲು ಸ್ವಲ್ಪ ಉಳುಕಿತು.

ತುರ್ತು ಸಂಖ್ಯೆಗೆ ಫೋನ್ ಮಾಡಿದೆ. ನಾಲ್ಕು ವರ್ಷದಲ್ಲಿ ಕಲಿತ ಪೋಲಿಷ್ ಭಾಷೆ ಒಂದೇ ಏಟಿಗೆ ಮರೆತುಹೋಗಿತ್ತು. ಆ ಕಡೆಯ ಹೆಂಗಸು ಸಮಾಧಾನವಾಗಿ ಕೇಳಿದಳು: "ಸುತ್ತ ಏನ್ ಕಾಣ್ತಿದೆ?"

"ಮರ."

"ಎಂಥಾ ಮರ?"

"ಪೋಲೆಂಡಿನ ಮರ" ಎಂದೆ. ಅವಳಿಗೆ ನಗು ತಡೆಯಲಿಲ್ಲ. ಅಳುತ್ತಿದ್ದ ನನಗೂ ನಗು ಬಂತು. "ಅಕ್ಕಾ, ಕಾಡಿನಲ್ಲಿ ಅಲ್ಲಲ್ಲಿ ನಂಬರ್ ಬರೆದ ಮೋಟು ಕಂಬ ಇರತ್ತೆ, ನೋಡು" ಎಂದಳು. ತೆವಳಿಕೊಂಡು ಹಳ್ಳದಿಂದ ಹತ್ತಿ ಅತ್ತಿತ್ತ ನೋಡಿದೆ. ಬರ್ಚ್ ಮರಗಳ ನಡುವೆ ಒಂದು ಕಂಬ ಕಂಡಿತು. ನಂಬರ್ ಓದಿ ಹೇಳಿದೆ. "ಅಲ್ಲೇ ಕೂತಿರು, ಜನ ಬರ್ತಿದ್ದಾರೆ" ಎನ್ನುತ್ತಿದ್ದಂತೆ ನನ್ನ ಫೋನ್ ಸತ್ತಿತು.

ಅಮ್ಮಾ, ಮುಂದಿನದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ತುಂಬ ಹೊತ್ತಾದ ಮೇಲೆ ಮಂಜಿನೊಳಗಿಂದ ಗಂಡಸರ ದನಿ ಕೇಳಿಸಿತು. ದಪ್ಪ ದನಿ, ಭಾರದ ಬೂಟು. ನನ್ನನ್ನು ಹುಡುಕಲು ಬಂದವರೇ ಇರಬೇಕೆಂದು ಬುದ್ಧಿ ಹೇಳುತ್ತಿತ್ತು. ಆದರೆ ಕಣ್ಣ ಮುಂದೆ ಆ ವಿಡಿಯೊ ಬಂತು. ಒಂಟಿ ಹೆಂಗಸು, ಪರದೇಶದವಳು. ಬಾಯಿ ಮುಚ್ಚಿಕೊಂಡು ಮರದ ಹಿಂದೆ ಮುದುಡಿ ಕೂತೆ. ದನಿಗಳು ಹತ್ತಿರ ಬಂದವು, ನನ್ನನ್ನು ದಾಟಿ ಹೋದವು.

ಆಗ ಒಬ್ಬ ಕೂಗಿದ: "ಲಾಮಾರೋ!"

ಲಾಮಾರಾ ಅಲ್ಲ, ಲಾಮಾರೋ. ಕೂಗುವಾಗ ಇವರು ಹೆಸರಿನ ಕೊನೆಯನ್ನು ಹಾಗೆ ತಿರುಗಿಸುತ್ತಾರೆ. ದಿನವೂ ಮೆಟ್ಟಿಲಲ್ಲಿ ಲೆಯೊಕಾಡಿಯಮ್ಮ ಕರೆಯುವುದು ಹೀಗೆಯೇ. "ಇಲ್ಲಿದ್ದೀನಿ!" ಎಂದು ಚೀರಿದೆ, ನಮ್ಮ ಭಾಷೆಯಲ್ಲೇ. ಅವರಿಗೆ ಅರ್ಥವಾಯಿತು.

ಪಕ್ಕದ ಹಳ್ಳಿಯ ಅಗ್ನಿಶಾಮಕದವರು. ಸಂಬಳವಿಲ್ಲದೆ ದುಡಿಯುವ ರೈತರು, ಮೆಕ್ಯಾನಿಕ್ಕುಗಳು, ಭಾನುವಾರದ ಊಟ ಬಿಟ್ಟು ಬಂದವರು. ಅವರಲ್ಲಿ ಮೀಸೆಯವನೊಬ್ಬ ನನ್ನ ಬುಟ್ಟಿಗೆ ಇಣುಕಿ, "ಅಣಬೆಗೇನೂ ಪೆಟ್ಟಾಗಿಲ್ಲ ತಾನೆ?" ಎಂದ. ಅವರ ಕೆಂಪು ಗಾಡಿಯ ಮುಂದಿನ ಸೀಟಿನಲ್ಲಿ, ಅವರಿಗೆ ನನ್ನ ಹೆಸರು ಹೇಳಿಕೊಟ್ಟಿದ್ದ ಲೆಯೊಕಾಡಿಯಮ್ಮ, ಟೋಪಿ ಒಂದು ಕಡೆಗೆ ವಾಲಿ, ಅತ್ತೂ ಅತ್ತೂ ಮೂಗು ಕೆಂಪಾಗಿ. ನನ್ನನ್ನು ಕಂಡದ್ದೇ ಬೈಗುಳ: "ಕತ್ತೆ! ಕುರಿ! ಸೊಂಟಕ್ಕೆ ಹಗ್ಗ ಕಟ್ಟಿ ಕರ್ಕೊಂಡು ಬರ್ಬೇಕಿತ್ತು ನಿನ್ನ!" ಆಮೇಲೆ ಬುಟ್ಟಿ ಶೋಧಿಸಿ ಒಂದು ಬೆಳ್ಳನೆಯ ಅಣಬೆ ಎತ್ತಿ ಎಸೆದಳು. "ಇದೊಂದು ಸಾಕಿತ್ತು, ನಮ್ಮ ಕಟ್ಟಡದವರನ್ನೆಲ್ಲ ಒಟ್ಟಿಗೆ ಹೂಳೋದಕ್ಕೆ."

ಆಸ್ಪತ್ರೆಯಲ್ಲಿ ನರ್ಸ್ ನನ್ನ ಹೆಸರು ಬರೆಯಲು ತಡವರಿಸಿ, "ಈಕೆ ಯಾರ ಪೈಕಿ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಲೆಯೊಕಾಡಿಯಮ್ಮ, "ನಮ್ಮ ಪೈಕಿ. ಬೇಗ ಬರ್ಕೊಳಮ್ಮ, ಹುಡುಗಿ ಬೆಳಗಿಂದ ಉಪವಾಸ" ಎಂದಳು.

ಹೆದರಿ ಬಾಯಿ ಮುಚ್ಚಿ ಕೂತದ್ದೇ ಆವತ್ತು ನನಗೆ ಒದಗಿದ್ದ ದೊಡ್ಡ ಅಪಾಯ, ಅಮ್ಮಾ. ಮೊನ್ನೆ ಬೇಕರಿಯವರು ಕೆಲಸವನ್ನು ಇನ್ನೂ ಎರಡು ವರ್ಷಕ್ಕೆ ಮುಂದುವರಿಸುತ್ತೀಯಾ ಎಂದು ಕೇಳಿದರು. ಹೂಂ ಎಂದಿದ್ದೇನೆ. ಕೋಪ ಮಾಡಿಕೊಳ್ಳಬೇಡ. ನಾನಿಲ್ಲಿ ಸುಖವಾಗಿದ್ದೇನೆ.

ನಿನ್ನ ಮಗಳು,
ಲಾಮಾರಾ

ಮರೆತದ್ದು: ಕಾಲು ಉಳುಕಿಲ್ಲ, ಮುರಿದಿದೆ. ಮಂಡಿಯವರೆಗೆ ಪ್ಲಾಸ್ಟರ್. ಕೆಳಮನೆಯ ಸೋಫಾದಲ್ಲಿ ಮಲಗಿ ಇದನ್ನು ಬರೆಯುತ್ತಿದ್ದೇನೆ. ವಾರದಿಂದ ಲೆಯೊಕಾಡಿಯಮ್ಮ ನನ್ನನ್ನು ಮೇಲೆ ಹೋಗಲು ಬಿಟ್ಟಿಲ್ಲ. ನಾನೇನು ಬರೆದಿದ್ದೇನೆಂದು ಈಗಷ್ಟೇ ಪೋಲಿಷ್ ಭಾಷೆಯಲ್ಲಿ ಓದಿಸಿ ಕೇಳಿ, "ಹೆತ್ತ ತಾಯಿಗೆ ಸುಳ್ಳು ಬರೀತೀಯಾ?" ಎಂದು ಪೆನ್ನನ್ನು ಮತ್ತೆ ನನ್ನ ಕೈಗೆ ತುರುಕಿದಳು.