ಬಿಚ್ಚಿದ ಮನೆ

ಮಾರ್ಚ್ 4, ಬೆಳಿಗ್ಗೆ

ಎರಡು ಬಕೆಟ್ ಆಟಿಕೆ ಬ್ಲಾಕ್ಸ್ ತೊಳೆದು ತಾರಸಿಯ ಮೇಲೆ ಹರಡಿದೆ. ಯಾರದೋ ಮಕ್ಕಳ ಕೈಜಿಗುಟು, ಬಿಸ್ಕತ್ತಿನ ಪುಡಿ. ಆನ್‌ಲೈನಿನಲ್ಲಿ ಹಳೆಯ ಸೆಟ್ ಕೊಳ್ಳುವುದು, ತೊಳೆದು ಆನ್‌ಲೈನಿನಲ್ಲೇ ಮಾರುವುದು — ರಿಟೈರ್ ಆದಮೇಲೆ ಇದೇ ಕೆಲಸ. ಸ್ಟಾಕ್ ಕಡಿಮೆ. ಅಟ್ಟದಿಂದ ಮಗಳ ಹಳೆಯ ಪೆಟ್ಟಿಗೆ ಇಳಿಸಿದೆ. ಒಳಗೆ ಒಂದು ಮನೆ, ಕಟ್ಟಿದ್ದು ಕಟ್ಟಿದ ಹಾಗೇ. ಯಾವ ಸೆಟ್ಟಿನದೂ ಅಲ್ಲ. ಒಂದು ಗೋಡೆ ಕೆಂಪು, ಒಂದು ಹಸಿರು. ಬಾಗಿಲು ಕೆಳಗಿಲ್ಲ, ಮಹಡಿಯ ಮೇಲೆ! ಮಕ್ಕಳಾಟ. ಬಿಚ್ಚಿದೆ. ಗಟ್ಟಿಯಾಗಿ ಕೂತಿತ್ತು, ಉಗುರು ನೊಂದಿತು.

ಮಾರ್ಚ್ 9

ಆ ಮನೆಯ ಪೀಸೂ ಸೇರಿದ ಕಲಸುಮೇಲೋಗರದ ಲಾಟ್ ಮಾರಿಹೋಯಿತು. ಕೊಂಡಾಕೆ ಬಿಡಿ ಪೀಸ್ ಮಾರುವವಳು.

ಮಾರ್ಚ್ 27, ಸಂಜೆ

ಮಗಳು ಹಾಸ್ಟೆಲಿನಿಂದ ಬಂದಳು. ಚಪ್ಪಲಿ ಬಿಟ್ಟವಳೇ ಅಟ್ಟ ಹತ್ತಿದಳು.

"ಅಪ್ಪಾ, ನನ್ನ ಬಾಕ್ಸ್ ಎಲ್ಲಿ?"

ಹೇಳಿದೆ. ನಗುತ್ತಲೇ ಹೇಳಿದೆ... ಅದೇ ಈಗ ಚುಚ್ಚುವುದು.

ಇಳಿದು ಏಣಿಯ ಬುಡದಲ್ಲಿ ಕೂತಳು.

"ಅದನ್ನ ಅಮ್ಮ ಕಟ್ಟಿದ್ದು. ಆಸ್ಪತ್ರೇಲಿ, ಕೊನೇ ತಿಂಗಳು. ನಾನು ಪೀಸ್ ಹುಡುಕಿ ಕೊಡ್ತಿದ್ದೆ. ಅಮ್ಮನ ಕೈ ನಡುಗ್ತಿತ್ತು, ಅಂಗೈಲಿ ಒತ್ತಿ ಒತ್ತಿ ಕೂರಿಸ್ತಿದ್ಲು."

"ಗೊತ್ತಿರ್ಲಿಲ್ಲ ಪುಟ್ಟಾ."

"ಹೇಗೆ ಗೊತ್ತಿರುತ್ತೆ? ನೀವು ಬರ್ತಿದ್ದಿದ್ದು ಭಾನುವಾರ. ಡಾಕ್ಟರ್ ಹತ್ರ ಮಾತಾಡಿ ಹೊರಟುಬಿಡ್ತಿದ್ರಿ." ಏಣಿಯ ಧೂಳು ಕೈಯಿಂದ ಒರೆಸುತ್ತಾ, "ಬಾಗಿಲು ಯಾಕಮ್ಮ ಮೇಲೆ ಅಂತ ಕೇಳಿದ್ದೆ. ಬರೋ ಮನಸ್ಸಿರೋರು ಹತ್ತಿ ಬರ್ತಾರೆ ಬಿಡು ಅಂದ್ಲು."

ಬೈದದ್ದಲ್ಲ. ಇದ್ದದ್ದು ಹೇಳಿದಳು.

ಹೆಂಡತಿ ಹೋಗಿ ಆರು ವರ್ಷ. ನನ್ನ ಮೇಲೆ ಅವಳಿಗೆ ಬೇಸರವಿತ್ತೆಂದು ಇವತ್ತು ತಿಳಿಯಿತು.

ಮಾರ್ಚ್ 28

ಕೊಂಡಾಕೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆಕೆ ಡಬ್ಬಗಳನ್ನು ತಡಕುವ ಸದ್ದು. ಆಮೇಲೆ —

"ಅಯ್ಯೋ ಸರ್... ಬಣ್ಣ ಬಣ್ಣ ಬೇರೆ ಮಾಡಿಬಿಟ್ಟೆ. ಕೆಂಪು ಪೂರ್ತಿ ಖಾಲಿ. ಉಳಿದದ್ರಲ್ಲಿ ನಿಮ್ಮದು ಯಾವ್ದು ಅಂತ ಹೇಳ್ಲಿ?"

ನಾನೂ ಅದನ್ನೇ ಮಾಡುವವನು. ಯಾರನ್ನು ಬೈಯಲಿ?

ಹಸಿರಿನ ಚೀಲ ಕಳಿಸುತ್ತೇನೆ ಎಂದಳು. "ದುಡ್ಡಿನ ಮಾತೆತ್ತಬೇಡಿ."

ಏಪ್ರಿಲ್ 2

ಮಗಳು ಮಾತಾಡುತ್ತಾಳೆ. ಊಟ ಆಯ್ತಾ, ಗ್ಯಾಸ್ ಆಫ್ ಮಾಡಿದ್ರಾ. ಅಷ್ಟೇ. ಜಗಳವಾಡಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 6, ಮಧ್ಯಾಹ್ನ

ಪಾರ್ಸೆಲ್ ಬಂತು. ಮಗಳು ನಡುಮನೆಯ ನೆಲಕ್ಕೆ ಸುರಿದಳು. ನನ್ನ ಸ್ಟಾಕಿನ ಕೆಂಪನ್ನೂ ತಂದಿಟ್ಟೆ. ಒಂದು ಗೋಡೆ ಎಬ್ಬಿಸಿದಳು. ಕಿತ್ತಳು. ಮತ್ತೆ ಎಬ್ಬಿಸಿದಳು. ಆ ಮನೆಯ ಫೋಟೋ ಒಂದೂ ಇಲ್ಲ.

"ಕಿಟಕಿ ಎಷ್ಟಿತ್ತು ಅಪ್ಪಾ? ನಂಗೆ ಮರೆತೇಹೋಗಿದೆ." ಅಷ್ಟು ಹೇಳುವಾಗಲೇ ಅವಳ ಮುಖ ಕದಡಿತು. "ಬಿಚ್ಚಿದ್ದು ನೀವಲ್ವಾ? ನೋಡಿರ್ತೀರಲ್ಲ?"

ಒಂದೊಂದೇ ಕಿತ್ತವನು ನಾನು. ನೋಡಿದ್ದೆನೇ?

ಬರೆದರೆ ನೆನಪಾದೀತೆಂದು ಇಲ್ಲಿ ಕೂತಿದ್ದೇನೆ. ಅವಳು ಅಲ್ಲೇ ಕಾಯುತ್ತಿದ್ದಾಳೆ. ಮುಂದೆ ಎರಡು ಕಿಟಕಿ. ಹಿಂದೆ ಒಂದು — ಇಲ್ಲ, ಹಿಂದೆ...