ಗ್ರಹ ಹಿಡಿಯುವವನ ಓಣಿಗೆ ದೀಪ

ಅತನೂರ
18-2-2025

ಗೆಳೆಯ ಬುರಾನುದ್ದೀನನಿಗೆ ರೇವಣಪ್ಪನ ಸಲಾಮು.

ಬರುವ ಶುಕ್ರವಾರ ಹಿರೋಳ್ಳಿಯ ನಿನ್ನ ಮಾಳಿಗೆ ಮೇಲೆ ಆಕಾಶದಿಂದ ಕಲ್ಲು ಬೀಳುತ್ತದೆ. ಕೋಳಿಗಳನ್ನು ಮೊದಲು ನನ್ನ ಮನೆಗೆ ಸಾಗಿಸು.

ಸುಳ್ಳು. ಆ ಕಲ್ಲು ಚಂದ್ರನ ಆಚೆಯೇ ಹಾದು ಹೋಗುತ್ತದೆ. ಇಷ್ಟು ದಿನ ಬರೆಯದಿದ್ದಕ್ಕೆ ಕ್ಷಮೆ ಕೇಳಿದರೆ ನೀನು ಓದುವುದಿಲ್ಲ, ಕೋಳಿಯ ಮಾತೆತ್ತಿದರೆ ಓದುತ್ತೀಯ.

ನನ್ನ ಮಾಳಿಗೆಯ ವೀಕ್ಷಣಾಲಯ ಈಗ ಊರಿಗೆಲ್ಲ ಗೊತ್ತು. ದುರ್ಬೀನಿಗೆ ಕ್ಯಾಮೆರಾ ಹಚ್ಚಿ ಫೋಟೋ ತೆಗೆದು, ಸರಿದಾಡುವ ಚುಕ್ಕೆ ಉಪಗ್ರಹವೋ ಕ್ಷುದ್ರಗ್ರಹವೋ ಎಂದು ನೋಡುತ್ತೇನೆ. ಬಾಗಿಲಿಗೆ 'ಇಲ್ಲಿ ಕ್ಷುದ್ರಗ್ರಹ ಹಿಡಿಯಲಾಗುತ್ತದೆ' ಎಂದು ಬರೆಸಿದ್ದೇ ತಪ್ಪಾಯಿತು. ಪಕ್ಕದ ಮನೆಯ ಹೀರಾಬಾಯಿ ಸೊಸೆಯನ್ನು ಎಳೆದುಕೊಂಡು ಬಂದಳು.

"ಕಾಕಾ, ಈಕಿಗೂ ಅಂಥಾದೇ ಹಿಡದಾದ್ರಿ. ಮುಂಜಾನೆ ಎಬ್ಬಿಸಿದ್ರ ಏಳಂಗಿಲ್ಲ. ಬಿಡಸ್ರಿ."

"ನಾ ಹಿಡಿಯಾಂವ, ಹೀರಾಬಾಯಿ. ಬಿಡಸಾಂವ ಅಲ್ಲ."

ಸೊಸೆ ಮೆಲ್ಲಗೆ, "ನಂಗ ಹಿಡದದ್ದು ನಮ್ಮತ್ತಿ ರೀ, ಕಾಕಾ," ಎಂದಳು.

ಈಗ ಕೆಟ್ಟ ಸುದ್ದಿ. ನಮ್ಮ ಓಣಿಯ ಮೂಲೆಗೆ ದೊಡ್ಡ ದೀಪ ಬಂದಿದೆ. ಅದರ ಬೆಳಕು ಮಾಳಿಗೆಗೂ ಹೊಡೆಯುತ್ತದೆ. ಮಸುಕು ಚುಕ್ಕೆ ಒಂದೂ ಸಿಗುವುದಿಲ್ಲ, ಕ್ಷುದ್ರಗ್ರಹದ ಕೆಲಸ ನಿಂತೇಹೋಯಿತು. ಅದನ್ನು ಹಾಕಿಸದಂತೆ ಪಂಚಾಯ್ತಿ ಮೆಂಬರ್ ಮಲ್ಕಪ್ಪನನ್ನು ದೀಪಾವಳಿಯಿಂದಲೂ ತಡೆದಿಟ್ಟಿದ್ದೆ. "ಉಪಗ್ರಹ ಮ್ಯಾಲಿಂದ ಫೋಟೋ ತಗೀತಾವಲೇ. ದೀಪ ಬಂತಂದ್ರ ಮೂಲ್ಯಾಗ ಇಸ್ಪೇಟ ಆಡೋರ ಮಾರಿ ಚೊಕ್ಕ ಬೀಳ್ತಾವ," ಎಂದಿದ್ದೆ. ಹೆಂಡತಿಗೆ ಭಜನೆ ಎಂದು ಹೇಳಿ, ಮೊಬೈಲ್ ಬೆಳಕಿನಲ್ಲಿ ಅಲ್ಲಿ ಎಲೆ ಹಾಕುವವನು ಅವನೇ. ಹಾಗಾಗಿ ದೀಪ ಹಾಕುವುದನ್ನು ಮುಂದೆ ಹಾಕುತ್ತಲೇ ಬಂದ. ಹೋದ ವಾರ ಅದೇ ಮಲ್ಕಪ್ಪ ತಾನೇ ಮುಂದೆ ನಿಂತು ಹಾಕಿಸಿದ. ಅವನಿಗೆ ಧೈರ್ಯ ಬಂತು ಎಂದು ಊರೆಲ್ಲ ಮಾತು.

ನಿಮ್ಮ ಓಣಿಯಲ್ಲಿ ಇನ್ನೂ ಒಳ್ಳೆಯ ಕತ್ತಲಿದೆ. ಶುಕ್ರವಾರ ದುರ್ಬೀನು ಹೊತ್ತು ಬರಲೇ? ಬೇಡವೆಂದರೂ ಬರುತ್ತೇನೆ. ಚಾಂದಬೀ ಭಾಬಿಗೆ ನಮಸ್ಕಾರ. ಮೊಮ್ಮಗಳು ಫರಹೀನಳಿಗೆ ಯಾವ ಗ್ರಹವೂ ತಾಗದಿರಲಿ, ಈ ಅಜ್ಜನ ಅನುಗ್ರಹವೊಂದು ಸಾಕು.

ನಿನ್ನ
ರೇವಣಪ್ಪ

ತಾ.ಕ.: ಹೋದ ತಿಂಗಳು ಅವರಾತ್ರಿ ಅಮಾವಾಸ್ಯೆಯ ಸಂಜೆ ನನ್ನ ಹೆಂಡತಿ ತುಳಜಾಬಾಯಿ ಅಂಗಡಿಯಿಂದ ಗೋಡೆ ತಡವುತ್ತಾ ಬರುತ್ತಿದ್ದಳು. ಮಬ್ಬಾದರೆ ಅವಳಿಗೆ ಏನೂ ಕಾಣುವುದಿಲ್ಲವಂತೆ, ವರ್ಷವೇ ಆಯಿತಂತೆ. ಇದು ವಾಸಿಯಾಗುವ ಪೈಕಿ ಅಲ್ಲ ಎಂದರು ಕಣ್ಣಿನ ಡಾಕ್ಟರು. "ನಂಗ ಹೇಳಬಾರದಿತ್ತೇನ?" ಎಂದೆ. "ಕತ್ತಲಿ ನಿಮಗ ಬೇಕಲ್ರಿ," ಎಂದಳು. ಅವಳ ಕಿವಿಗೆ ಬೀಳದಂತೆ ನೋಡಿಕೋ: ಮಲ್ಕಪ್ಪನ ಮನೆಗೆ ಹೋಗಿ, ಫೋಟೋದ ಮಾತು ಸುಳ್ಳು, ದೀಪ ಹಾಕಿಸಪ್ಪಾ ಎಂದು ಕೈಮುಗಿದವನು ನಾನೇ.