ಐದನೆಯ ಹಿಡಿತ

ಸುಗಟೂರು, ಕೋಲಾರ ತಾಲ್ಲೂಕು
18 ನವೆಂಬರ್ 2025, ಮಂಗಳವಾರ

ಪ್ರೀತಿಯ ರಂಜಿತಮ್ಮಾ,

ಹೇಗಿದ್ದೀಯ ತಾಯಿ? ಎಡಭುಜದ ನೋವು ಇಳಿಯಿತೇ? ಭುವನೇಶ್ವರದ ಕ್ಯಾಂಪಿನಲ್ಲಿ ಮೂರು ಹೊತ್ತೂ ಅನ್ನವೇ ಎಂದಿದ್ದೆ. ರಾಗಿಹಿಟ್ಟು ಕಳಿಸೋಣವೆಂದರೆ ನಿಮ್ಮಮ್ಮ, "ಮುದ್ದೆ ಯಾರು ತಿರುವ್ತಾರೆ ಅಲ್ಲಿ? ನಿನ್ ಮಗಳ್ಗೆ ನೀರು ಕಾಯ್ಸಕ್ಕೂ ಬರಲ್ಲ" ಎಂದು ಡಬ್ಬಿ ಮುಚ್ಚಿಬಿಟ್ಟಳು. ಬೈಯುವುದು ಅವಳ ಬಾಯಿ ಮಾತ್ರ, ಬೆಳಿಗ್ಗೆ ಎದ್ದರೆ ನಿನ್ನದೇ ಜಪ. ನಿನ್ನ ತಮ್ಮ ಚಂದ್ರು ಡೈರಿಗೆ ಹಾಲು ಹಾಕಿ ಬಂದು ಹಿಪ್ಪುನೇರಳೆ ತೋಟಕ್ಕೆ ಹೋಗುತ್ತಾನೆ. ರೇಷ್ಮೆಹುಳು ಪೊರೆ ಕಳಚಿ ನಾಲ್ಕನೇ ಜ್ವರದಿಂದ ಎದ್ದಿವೆ, ಇನ್ನು ಎಂಟು ದಿನ ಎಷ್ಟು ಸೊಪ್ಪು ಹಾಕಿದರೂ ಸಾಲದು. ಎಲ್ಲರಿಗೂ ಸೊಂಟ ಬಿದ್ದುಹೋಗಿದೆ.

ನಿಮಗೆ ಫೋನ್ ಕೈಗೆ ಕೊಡುವುದು ಭಾನುವಾರ ಅರ್ಧ ಗಂಟೆ, ಅದರಲ್ಲಿ ಕಾಲು ಗಂಟೆ ನೀನು ಅತ್ತೆ. ಅದಕ್ಕೇ ಈ ಕಾಗದ. ಕಾಗದ ಅಳುವುದಿಲ್ಲ, ಮಧ್ಯದಲ್ಲಿ ಕಟ್ ಆಗುವುದೂ ಇಲ್ಲ. "ಅಪ್ಪಾ, ನನ್ ಕೈಲಿ ಆಗ್ತಿಲ್ಲ. ಹಿಡಿದ್ರೆ ಬಿಡಕ್ಕೇ ಬರ್ತಿಲ್ಲ. ಪ್ರತಿ ಸಲ ಸೀಟಿ ಊದ್ತಾರೆ. ಬಂದ್ಬಿಡ್ತೀನಿ" ಎಂದೆಯಲ್ಲ, ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಹನ್ನೊಂದು ವರ್ಷ ಕಬಡ್ಡಿ ಆಡಿದವಳು ನೀನು. ಅದರಲ್ಲಿ ನಾಲ್ಕು ವರ್ಷ ಸಂಬಳ ಕೊಟ್ಟು ಆಡಿಸುವ ತಂಡದಲ್ಲಿದ್ದೆ. ಆ ತಂಡದವರು ಬೆಂಚಿನ ಮೇಲೆ ಕೂರಿಸಿದರು ಎಂದು, ಇಪ್ಪತ್ತಾರನೇ ವಯಸ್ಸಿನಲ್ಲಿ ಎಲ್ಲ ಬಿಟ್ಟು ರಗ್ಬಿ ಅಂತ ಹೊರಟೆ. ಬೀಳಲು ಹೆದರದ ಕಬಡ್ಡಿ ಹುಡುಗಿಯರು ಬೇಕು ಎಂದು ರಗ್ಬಿಯವರು ಹುಡುಕಿಕೊಂಡು ಬಂದರಂತೆ, ನೀನು ಹೋದೆಯಂತೆ. ಕೋಳಿಮೊಟ್ಟೆಯ ಆಕಾರದ ಚೆಂಡಿನ ಹಿಂದೆ! ಮಾರ್ಚ್ ತಿಂಗಳಿಂದ ನಿನ್ನೊಂದಿಗೆ ನೆಟ್ಟಗೆ ಮಾತಾಡಲಿಲ್ಲ ನಾನು. ಈಗ ಯೋಚಿಸಿದರೆ ನಿನ್ನ ಮೇಲೆ ಸಿಟ್ಟೋ, ನನ್ನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತೆಂಬ ಸಂಕಟವೋ ಗೊತ್ತಾಗುವುದಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ನಿನಗೆ ಬಿಡಲು ಬರದಿದ್ದರೆ ಅದು ನಿನ್ನ ತಪ್ಪಲ್ಲ. ರಾಗಿ ಕಣದಲ್ಲಿ ನನ್ನ ಕಾಲು ನಿನ್ನ ಕೈಗೆ ಕೊಟ್ಟು ನಾನು ಓಡುತ್ತಿದ್ದೆ, ನೀನು ಕಣದ ತುಂಬ ಎಳೆಸಿಕೊಂಡು ಬರುತ್ತಿದ್ದೆ. "ಉಸಿರು ಹೋದ್ರೂ ಕಾಲು ಬಿಡ್ಬಾರ್ದು, ಬಿಟ್ಟೀಯಾ ಜೋಕೆ" ಎನ್ನುತ್ತಿದ್ದೆ ನಾನು. ಮೊಣಕೈ ಕಿತ್ತುಹೋಗಿ ರಕ್ತ ಬಂದರೂ ನಿಲ್ಲಿಸುತ್ತಿರಲಿಲ್ಲ. ನಿಮ್ಮಮ್ಮ ಅರಿಶಿನ ಹಚ್ಚುತ್ತಾ ನನ್ನ ವಂಶವನ್ನೆಲ್ಲ ತೆಲುಗಿನಲ್ಲಿ ಬೈಯುತ್ತಿದ್ದಳು. ಶ್ರೀನಿವಾಸಪುರದ ಪಂದ್ಯದಲ್ಲಿ ಸೀಟಿ ಊದಿದ ಮೇಲೂ ನೀನು ಎದುರಾಳಿಯ ಕಾಲು ಬಿಡದೆ, ರೆಫ್ರಿ ಬಂದು ಬೆರಳು ಬಿಡಿಸಬೇಕಾಯಿತು. ಜನ ನಕ್ಕರು. ಉಡದ ಪಟ್ಟು ಅಂದರೆ ಇದು ಎಂದು ನಾನು ಮುಳಬಾಗಿಲಿನವರೆಗೂ ಹೇಳಿಕೊಂಡು ತಿರುಗಿದೆ. ಅಂಥವಳಿಗೆ ಈಗ, ಎದುರಾಳಿ ನೆಲಕ್ಕೆ ಬಿದ್ದ ತಕ್ಷಣ ಕೈ ಬಿಡು ಎನ್ನುವ ಆಟ. ಕೈ ಕೇಳುತ್ತದೆಯೇ?

ನಿನ್ನೆ ಮೇವು ಕತ್ತರಿಸುವ ಯಂತ್ರದ ಬ್ಲೇಡು ಸಾಣೆ ಹಿಡಿಸಲು ಲತೀಫನ ಅಂಗಡಿಗೆ ಹೋಗಿದ್ದೆ. ಅವನ ಮಗಳು ಜುವೇರಿಯಾ, ನಿನ್ನ ಸ್ಕೂಲಿನ ಜೊತೆಗಾತಿ, ಅಪ್ಪನಿಗೆ ಊಟ ತಂದಿದ್ದಳು. "ಮಾಮ, ರಂಜಿ ಆಡಿದ ಮ್ಯಾಚ್ ಬಂದಿದೆ ನೋಡ್ತೀರಾ?" ಎಂದು ಫೋನ್ ಹಿಡಿದಳು. ಶನಿವಾರ ಕ್ಯಾಂಪಿನವರೇ ಎರಡು ತಂಡ ಮಾಡಿಕೊಂಡು ಆಡಿದ್ದು. ಬೇಡ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ನೀನು ಕಂಡೆ. ಲತೀಫ, "ಕ್ಯಾ ಆಟನೋ ಕದಿರಪ್ಪಣ್ಣ, ಓಡೋದು ಮುಂದಕ್ಕೆ, ಚೆಂಡು ಎಸೆಯೋದು ಹಿಂದಕ್ಕೆ" ಎಂದು ನಗುತ್ತಿದ್ದ. ನನಗೆ ನಗು ಬರಲಿಲ್ಲ. ನೀನು ನಾಲ್ಕು ಸಲ ಹಿಡಿದೆ, ನಾಲ್ಕು ಸಲವೂ ಬಿಡದೆ ಮಲಗಿದೆ, ನಾಲ್ಕು ಸಲವೂ ಸೀಟಿ. ನಾಲ್ಕನೆಯದಕ್ಕೆ ನಿನ್ನ ಜೊತೆಯವಳೊಬ್ಬಳು ತಲೆ ಚಚ್ಚಿಕೊಂಡಳು. ಅವಳ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಐದನೆಯ ಸಲ ಎದುರು ತಂಡದ ಎತ್ತರದ ಹುಡುಗಿಯೊಬ್ಬಳು ಚೆಂಡು ಹಿಡಿದು ಮೈದಾನದ ಅಂಚಿನಲ್ಲಿ ಓಡಿಬಂದಳು. ನಾನು ಕಲಿಸಿದ ಹಾಗೆಯೇ ನೀನು ಹಿಮ್ಮಡಿಗೆ ಕೈ ಹಾಕಿದೆ. ಅವಳು ಬಿದ್ದಳು. ನಿನ್ನ ಕೈ ಬಿಟ್ಟಿತು ಕಣಮ್ಮ. ತಡವಾಗಿ, ಒಂದೊಂದೇ ಬೆರಳು, ಆದರೆ ಬಿಟ್ಟಿತು. ಅವಳು ಏಳುವ ಮೊದಲು ನೀನು ಎದ್ದು ನಿಂತು ಚೆಂಡು ಕಿತ್ತುಕೊಂಡೆ. ಸೀಟಿ ಇಲ್ಲ! ಜುವೇರಿಯಾಗೆ ಹೇಳಿ ಮೂರು ಸಲ ಹಾಕಿಸಿ ನೋಡಿದೆ. "ಸಿಕ್ಕಿದ್ಲಲ್ಲಾ, ಯಾಕ್ ಬಿಟ್ಲು?" ಎಂದ ಲತೀಫನಿಗೆ, ಹುಟ್ಟಿದಾಗಿನಿಂದ ರಗ್ಬಿಯನ್ನೇ ನೋಡಿದವನ ಹಾಗೆ ವಿವರಿಸಿದೆ. ಫೋನಿನಲ್ಲಿ ನೀನು ನಾಲ್ಕು ಸೀಟಿಯ ಕಥೆ ಹೇಳಿ ಅತ್ತೆ, ಐದನೆಯದರ ಸುದ್ದಿಯನ್ನೇ ಎತ್ತಲಿಲ್ಲ. ಬಹುಶಃ ನೀನೇ ಗಮನಿಸಿಲ್ಲ. ನಾನು ಗಮನಿಸಿದೆ.

ಮೂವತ್ತನೇ ತಾರೀಕು ತಂಡಕ್ಕೆ ಆರಿಸಿದ ಹನ್ನೆರಡು ಜನರ ಪಟ್ಟಿ ಹಾಕುತ್ತಾರೆ ಎಂದಿದ್ದೆ. ಅದಕ್ಕೆ ಮೊದಲೇ ಬಂದುಬಿಟ್ಟರೆ ಈ ವಯಸ್ಸಿನಲ್ಲಿ ಇನ್ನೊಮ್ಮೆ ಯಾರೂ ಕರೆಯುವುದಿಲ್ಲ. ಬಂದರೆ ಕೋಲಾರದ ಕಬಡ್ಡಿ ಕ್ಲಬ್ಬಿನಲ್ಲಿ ಮುನಿಕೃಷ್ಣಪ್ಪ ನಿನ್ನ ಹಳೆಯ ಕಾರ್ನರ್ ಜಾಗ ಕೊಡುತ್ತಾನೆ, ಕೈಗೆ ಗೊತ್ತಿರುವ ಆಟ. ಕೋಪ ಮಾಡಿಕೊಂಡೂ ಮಾಡಿಕೊಂಡೂ ನನಗೆ ಸಾಕಾಗಿದೆ ರಂಜಿತಮ್ಮ. ಎಂಟು ತಿಂಗಳು ಹೊತ್ತು ಹೊತ್ತು ಸುಸ್ತಾಯಿತು. ಬರುವುದು ಇರುವುದು ನಿನಗೆ ಸೇರಿದ್ದು.

ಭುಜಕ್ಕೆ ಬಿಸಿನೀರಿನ ಶಾಖ ಕೊಡು, ಹೊಟ್ಟೆ ತುಂಬ ತಿನ್ನು. ಅಮ್ಮ ಮನೆದೇವರಿಗೆ ನಿನ್ನ ಹೆಸರಿನಲ್ಲಿ ದೀಪ ಹಚ್ಚುತ್ತಿದ್ದಾಳೆ. ಚಂದ್ರುಗೆ ನೀನು ಅಲ್ಲಿಂದ ಶೂ ತರಬೇಕಂತೆ. ದೇವರು ನಿನ್ನ ಮೈಕೈ ಗಟ್ಟಿಯಾಗಿ ಇಟ್ಟಿರಲಿ.

ನಿನ್ನ ಅಪ್ಪ,
ಕದಿರಪ್ಪ

ಮರೆತ ಮಾತು: ಮರೆತಿದ್ದಲ್ಲ, ಬರೆಯಲು ನಾಚಿಕೆಯಾಗಿ ಬಿಟ್ಟಿದ್ದೆ. ಪೋಸ್ಟಾಫೀಸು ಮುಚ್ಚುವ ಹೊತ್ತಾಯಿತು, ಬರೆದುಬಿಡುತ್ತೇನೆ. ಬರುವ ಭಾನುವಾರ ಮುನಿಕೃಷ್ಣಪ್ಪ ನಿನಗೆ ಫೋನ್ ಮಾಡುತ್ತಾನೆ. ಅಪ್ಪನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದೇವೆ, ಕೂಡಲೇ ಹೊರಡು ಎನ್ನುತ್ತಾನೆ. ಹಾಗೆ ಹೇಳೆಂದು ಮೊನ್ನೆ ಹೇಳಿಕೊಟ್ಟವನು ನಾನೇ. ಫೋನ್ ಇಡುವಾಗ ನೀನು "ಇನ್ನೊಂದ್ ವಾರ ನೋಡ್ತೀನಿ" ಎಂದೆಯಲ್ಲ, ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತೀಯೋ ಎಂದು. ನಿನ್ನೆ ನಿನ್ನ ಮ್ಯಾಚ್ ನೋಡಿದ ಮೇಲೆ ಅವನಿಗೆ ಬೇಡ ಎಂದು ಹೇಳಿ ಬಂದೆ. ಆದರೆ ಕಾರ್ನರ್‌ಗೆ ಆಳಿಲ್ಲದೆ ಒದ್ದಾಡುತ್ತಿದ್ದಾನೆ, ಕೇಳುವ ಆಸಾಮಿಯಲ್ಲ. ನನಗೆ ಏನೂ ಆಗಿಲ್ಲ, ಇವತ್ತು ಎರಡು ಹೊರೆ ಸೊಪ್ಪು ಹೊತ್ತು ತಂದಿದ್ದೇನೆ. ಅವನು ಏನೇ ಹೇಳಲಿ, ನಾನೇ ಫೋನ್ ತೆಗೆದುಕೊಂಡು ನರಳಿದರೂ ಸರಿ, ನಂಬಬೇಡ. ಪಟ್ಟಿ ಬರುವವರೆಗೆ ಮನೆಗೆ ಬರಬೇಡ ಮಗಳೇ.